ಬುರುಡೆ ಆಟ ಗೆದ್ದವನು

ಚಿಕ್ಕರಂಗಯ್ಯ ತೀರಿಕೊಂಡ ಸುದ್ದಿ, ಬೆಳಗಿನ ಹಾಲು ಡೈರಿಗೆ ಹೋಗುವಷ್ಟರಲ್ಲಿ ಮದಲೂರಿಗೆಲ್ಲ ಗೊತ್ತಾಯಿತು. ಹೇಳದೆ ಉಳಿದದ್ದು ಒಬ್ಬನಿಗೆ ಮಾತ್ರ. ಅವನ ಒಬ್ಬನೇ ಮಗ ರಂಗೇಶನಿಗೆ.

ರಂಗೇಶ ಬೆಂಗಳೂರಿನಲ್ಲಿ, ಟಿ.ವಿ. ಸ್ಟುಡಿಯೋ ಒಂದರ ಒಳಗಿದ್ದ. ‘ಬುರುಡೆ’ ಎಂಬ ಕ್ವಿಜ್ ಆಟದ ಕೊನೆಯ ಸುತ್ತು ಅಂದು. ಎದುರಾಳಿ ಒಂದು ಉತ್ತರ ಹೇಳುತ್ತಾನೆ. ಅದು ನಿಜವೋ ಬುರುಡೆಯೋ ಹಿಡಿಯಬೇಕು. ಶಿರಾ–ಪಾವಗಡ ಖಾಸಗಿ ಬಸ್ಸಿನ ಕಂಡಕ್ಟರನಾದ ರಂಗೇಶನಿಗೆ ಇದು ದಿನದ ಕೆಲಸ. ಹಿಂದಿನ ಸೀಟಿನಿಂದ ಯಾರಾದರೂ “ಐದೇಳ್ಳೇ ಸಾರ್, ಪಿಲ್ಲಾಡಿಕಿ ಟಿಕೆಟ್ ಎಂದುಕು?” ಎಂದು ತೆಲುಗಿನಲ್ಲಿ ಹುಡುಗನ ಟಿಕೆಟ್ ತಪ್ಪಿಸಲು ನೋಡಿದರೆ, ಅವನು ತಿರುಗಿಯೂ ನೋಡದೆ, “ಮೀಸೆ ಬರೋ ಮಗಾಗೆ ಐದು ವರ್ಸನೇನಮ್ಮ?” ಎನ್ನುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು.

ಮಗ ಟಿ.ವಿ.ಯಲ್ಲಿ ಬರುತ್ತಾನೆಂದು ಚಿಕ್ಕರಂಗಯ್ಯನಿಗೆ ಹಿಡಿಸಲಾರದಷ್ಟು ಹೆಮ್ಮೆ. ಹೊರಡುವಾಗ ತನ್ನ ಕೈಯಿಂದಲೇ ಅವನ ಹಣೆಗೆ ನಾಮ ಇಟ್ಟಿದ್ದ.

“ರಂಗನಾಥನ ಒಕ್ಕಲು ಕಣ್ಲಾ ನಾವು. ಸೂತಕ ಬಿಟ್ರೆ ಇನ್ಯಾವತ್ತೂ ಹಣೆ ಬರಿದು ಇರಬಾರ್ದು. ದಿನಾ ಬೆಳಗ್ಗೆ ಇಟ್ಕೋ. ಟೀವಿಯೋರು ಒರೆಸು ಅಂದ್ರೂ ಒರೆಸಬ್ಯಾಡ.”

ಆಟದವರು ಸ್ಪರ್ಧಿಗಳ ಫೋನುಗಳನ್ನು ತೆಗೆದಿಟ್ಟುಕೊಂಡಿದ್ದರು. ರಂಗೇಶನ ತಾಯಿ ಕೊಲ್ಲಾಪುರಮ್ಮ ಮಗಳು ಹರ್ಷಿತಾಳ ಕೈಲಿ ಮತ್ತೆ ಮತ್ತೆ ಫೋನು ಮಾಡಿಸಿದಳು. ಸ್ವಿಚ್ ಆಫ್. ಗಂಡನ ತಲೆಯ ಹತ್ತಿರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಫೋನು ತಾನಾಗಿಯೇ ಬಂತು. ಆಟದ ನಡುವೆ ಒಮ್ಮೆ ಮನೆಯವರ ಸಲಹೆ ಕೇಳಬಹುದಿತ್ತು, ಅದೇ ಕರೆ. ಆಕೆ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೇಳಿಬಿಡಬೇಕು ಎಂದೇ ಹೋದಳು.

ಮೊದಲು ಕೇಳಿದ್ದು ಚಪ್ಪಾಳೆ. ಆಮೇಲೆ ನಿರೂಪಕಿಯ ಗಂಟಲು.

“ನಮಸ್ಕಾರ ಅಮ್ಮಾ! ಇಡೀ ಕರ್ನಾಟಕ ನಿಮ್ಮ ಮಾತು ಕೇಳ್ತಿದೆ. ಎಲ್ಲಿ ನಮ್ಮ ಅಪ್ಪಾಜಿ?”

ಅಷ್ಟು ಜನರ ಚಪ್ಪಾಳೆಯ ನಡುವೆ ಸಾವನ್ನು ಹೇಗೆ ಹೇಳಬೇಕೆಂದು ಆ ಹೆಂಗಸಿಗೆ ತಿಳಿಯಲಿಲ್ಲ.

“ಮಲಗವ್ರೆ ಕಣಮ್ಮ,” ಎಂದುಬಿಟ್ಟಳು.

“ಅಮ್ಮಾ,” ರಂಗೇಶನ ದನಿ. “ಆಮೆಗೆ ಹಲ್ಲೇ ಇಲ್ವಂತೆ. ನಿಜಾನೋ, ಬುರುಡೆನೋ?”

“ನಿಜ ಇರಬೋದು ಕಣಪ್ಪ.”

“ನೀನು ನಿಜ ಅಂದ್ರೆ ನಿಜಾನೇ ಬುಡಮ್ಮ,” ಎಂದ. ಕರೆ ಕಟ್ಟಾಯಿತು. ಮಗ ನಂಬಿದನಲ್ಲ ಎಂದು ಮರುಗುತ್ತ ಆಕೆ ದೀಪದ ಹತ್ತಿರ ವಾಪಸು ಬಂದಳು.

ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕೆಂದರು ಹಿರಿಯರು. ಮಗ ಮಾಡಬೇಕಾದ್ದನ್ನೆಲ್ಲ ಚಿಕ್ಕರಂಗಯ್ಯನ ಅಣ್ಣನ ಮಗ ಬಸವೇಶ ಮಾಡಿದ. ಆಮೇಲೆ ಅವನೇ ಶಿರಾ ಬಸ್ ನಿಲ್ದಾಣದಲ್ಲಿ ಕಾದು, ವಿಷಯ ಹೇಳಿ, ರಂಗೇಶನನ್ನು ಬೈಕಿನಲ್ಲಿ ಕರೆತಂದ. ಗೆದ್ದ ಟ್ರೋಫಿ ಬ್ಯಾಗಿನೊಳಗಿತ್ತು. ಹಣೆ ಬರಿದಾಗಿತ್ತು. ದಾರಿಯಲ್ಲೇ ಒರೆಸಿಕೊಂಡಿರಬೇಕು, ಎಂದುಕೊಂಡಳು ತಾಯಿ.

ಅಂಗಳದಲ್ಲಿ ಊರೇ ನಿಂತಿತ್ತು.

“ಮಲಗವ್ರೆ ಅಂದ್ಯಲ್ಲಮ್ಮಾ!” ರಂಗೇಶ ಕೂಗಿದ. “ಒಂದು ಮಾತು ಹೇಳಿದ್ರೆ ಎದ್ದು ಬಂದ್ಬುಡ್ತಿದ್ದೆ. ಅಪ್ಪನ ಮುಖ ನೋಡಕ್ಕೂ ಬುಡ್ಲಿಲ್ವಲ್ಲ ನೀನು!”

ಕೊಲ್ಲಾಪುರಮ್ಮ ತಲೆ ತಗ್ಗಿಸಿದಳು. ಅಂದು ತಗ್ಗಿದ ತಲೆ ಮೇಲೇಳಲಿಲ್ಲ. ತಿಥಿಯ ದಿನ ಬಂದವರಿಗೆ ಮುಖ ತೋರಿಸಲಾರದೆ ಬಾಗಿಲ ಹಿಂದೆ ನಿಂತಿದ್ದಳು. ಪಕ್ಕದ ಮನೆಯ ಕಮಲಾಕ್ಷಮ್ಮ ಆಕೆಗೆ ಕೇಳುವಂತೆಯೇ ಹೇಳಿದಳು: “ಟೀವಿಲಿ ಕಾಣಬೇಕು ಅಂತ ಸತ್ತ ಗಂಡನ್ನೇ ಬದುಕಿಸ್ಬುಟ್ಲು ಕಣ್ರೇ.” ಮಗ ತಟ್ಟೆಗೆ ಕೂರುತ್ತಿದ್ದ, ಏಳುತ್ತಿದ್ದ. ತಾಯಿಯನ್ನು ಮಾತ್ರ ಅಮ್ಮಾ ಎಂದು ಕರೆಯುತ್ತಿರಲಿಲ್ಲ. ಆಕೆ ದೇವರಲ್ಲಿ ಬೇಡುತ್ತಿದ್ದುದು ಅದೊಂದನ್ನೇ. ಅವನು ಒಂದು ಸಲ ಕರೆಯಲಿ.

ತಿಥಿ ಕಳೆದ ಭಾನುವಾರ ಆಟ ಟಿ.ವಿ.ಯಲ್ಲಿ ಬಂತು. ನೆರೆಹೊರೆಯವರೆಲ್ಲ ಬಂದು ಚಾಪೆ ತುಂಬಿದರು. ರಂಗೇಶನ ಆಟ ನೋಡುವುದಕ್ಕಿಂತ ಅವನ ತಾಯಿಯ ಸುಳ್ಳನ್ನು ಕಿವಿಯಾರೆ ಕೇಳುವುದು ಅವರಿಗೆ ಬೇಕಾಗಿತ್ತು. ರಂಗೇಶ ಹೊಸ್ತಿಲ ಮೇಲೆ ಬೀದಿಯ ಕಡೆ ಮುಖ ಮಾಡಿ ಕುಳಿತ.

ತೆರೆಯ ಮೇಲೆ ಅವನ ನಾಮ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಎದುರಾಳಿ ಪ್ರಿಯಾಂಕ ಎಂಬ ಹುಡುಗಿ ಆಮೆಯ ಮಾತೆತ್ತಿದಳು. ಕರೆ ಹೋಯಿತು.

“ಮಲಗವ್ರೆ ಕಣಮ್ಮ.”

ನಡುಗುತ್ತಿದ್ದ ಆ ದನಿ ಮನೆಯ ತುಂಬ ಕೇಳಿಸಿತು. ಕಮಲಾಕ್ಷಮ್ಮ ಲೊಚಗುಟ್ಟಿದಳು. ಕೊಲ್ಲಾಪುರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಅಮ್ಮಾ,” ಹರ್ಷಿತಾ ಆಕೆಯ ಕೈ ಗಟ್ಟಿಯಾಗಿ ಹಿಡಿದಳು. “ಅಮ್ಮಾ, ಇಲ್ಲಿ ನೋಡು.”

ಆಕೆ ಸೆರಗು ಸರಿಸಿ ನೋಡಿದಳು.

ಕರೆ ಕಟ್ಟಾಗಿತ್ತು. ತೆರೆಯ ಮೇಲಿನ ರಂಗೇಶ ಕರವಸ್ತ್ರವನ್ನು ಮುಂದಿದ್ದ ಲೋಟದ ನೀರಿನಲ್ಲಿ ಅದ್ದಿದ. ಹಣೆಯ ನಾಮವನ್ನು ಒಂದು ಗೆರೆಯೂ ಉಳಿಯದಂತೆ ಒರೆಸಿಕೊಂಡ. ಆಮೇಲೆ ಗುಂಡಿ ಒತ್ತಿ, ಪ್ರಿಯಾಂಕಳ ಕಡೆ ನಕ್ಕು, ಮುಂದಿನ ಪ್ರಶ್ನೆಗೆ ಕುಳಿತ.

“ಇದ್ಯಾಕಮ್ಮ, ಆಟದ ಮಧ್ಯೆ ನಾಮ ಒರೆಸ್ಕೊಂಡ?” ಎಂದಳು ಕಮಲಾಕ್ಷಮ್ಮ.

ಹೊಸ್ತಿಲ ಮೇಲಿದ್ದವನ ತಲೆ ಮೊಣಕಾಲಿಗೆ ತಾಗಿತು. “ಅಮ್ಮಾ,” ಎಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

“ಲೈಟಿನ ಸೆಕೆ ಕಣಮ್ಮ, ಬೆವರು,” ಎಂದಳು ಕೊಲ್ಲಾಪುರಮ್ಮ. ಈ ಸಲ ದನಿ ನಡುಗಲಿಲ್ಲ. ಎದ್ದು ಟಿ.ವಿ. ಆರಿಸಿ, ಗಂಡನ ಪಟದ ಮುಂದೆ ಕೈ ಮುಗಿದಳು.

“ಸ್ವಾಮಿ ರಂಗನಾಥ, ಅವ್ರ ಆತ್ಮಕ್ಕೆ ಶಾಂತಿ ಕೊಡಪ್ಪ. ಅವ್ರಿರೋ ಕಡೆ ಈ ಟೀವಿ ಕಾಣ್ದಂಗೆ ನೋಡ್ಕೊ.”