ಸೇಂಟ್ ಇಲ್ಲದ ಹೆಸರು

ಆಸ್ಪತ್ರೆ ಸೇರಿದ ಮೇಲೆ ಎಟಿಯೆನ್‌ನ ಹೆಂಡತಿಯ ಬಾಯಲ್ಲಿ ಉಳಿದದ್ದು ಒಂದೇ ಹೆಸರು: ಮಾರ್ಸೆಲಿನ್. ಅವಳಿಗೆ ಗಂಡನ ಗುರುತೂ ಹತ್ತುತ್ತಿರಲಿಲ್ಲ.

ಮುದುಕ ಎಟಿಯೆನ್ ಸೇಂಟ್ ಮಾರ್ಸೆಲಿನ್ ಎಂಬ ಚೀಸ್ ತಂದ. ಅವಳು ಮುಟ್ಟಲಿಲ್ಲ. ತಾವು ಮದುವೆಯಾದ ಊರು ಸೇಂಟ್ ಮಾರ್ಸೆಲಿನ್‌ನ ಫೋಟೊ ತಂದ. ನೋಡಲಿಲ್ಲ.

"ನಾಳೆ ಆ ಊರಿಗೇ ಕರಕೊಂಡು ಹೋಗ್ತೀನಿ," ಎಂದ ನರ್ಸಿಗೆ.

"ಅವರು ನಾಳೆವರೆಗೆ ಉಳಿಯೋದು ಕಷ್ಟ. ಅಲ್ಲದೆ, ಊರಿಗೂ ಚೀಸಿಗೂ ಮುಂದೆ ಸೇಂಟ್ ಅಂತ ಇರತ್ತಲ್ವಾ? ಇವರು ಒಂದು ಸಲಾನೂ ಸೇಂಟ್ ಅನ್ನಲಿಲ್ಲ. ಬರೀ ಮಾರ್ಸೆಲಿನ್ ಅಂತಾರೆ, ಯಾರೋ ಗಂಡಸನ್ನ ಕರೆದ ಹಾಗೆ."

"ಗೊತ್ತು," ಎಂದ ಮುದುಕ. "ಐವತ್ತು ವರ್ಷದಿಂದ ಗೊತ್ತು."

ಟೋಪಿ ತೆಗೆದ. ಕೂದಲು ಒಪ್ಪ ಮಾಡಿಕೊಂಡು, ಹಾಸಿಗೆಯ ಪಕ್ಕ ಕೂತು ಅವಳ ಕೈ ಹಿಡಿದ.

"ಬಂದೆ ಕಣೇ," ಎಂದ. "ನಾನು, ಮಾರ್ಸೆಲಿನ್."