ಮರಳಿನಲ್ಲಿ ಐಲೇಸಾ

ಒಂಟೆಯನ್ನು ಉಳಿಸಲು ಹೋಗಿ ಮೂಸಬ್ಬ ಬಸ್ಸನ್ನು ಮರಳಿಗೆ ಇಳಿಸಿಬಿಟ್ಟ. ಒಂಟೆ ನಿಧಾನವಾಗಿ ರಸ್ತೆ ದಾಟಿ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಮೆಲುಕು ಹಾಕುತ್ತ ನಿಂತಿತು. ಬಸ್ಸಿನ ಹಿಂದಿನ ಚಕ್ರಗಳು ಅರ್ಧ ಹೂತುಹೋಗಿದ್ದವು.

"ಕ್ರೇನ್ ಬರಲಿಕ್ಕೆ ನಾಲ್ಕು ಗಂಟೆ ಆಗ್ತದಂತೆ," ಎಂದು ಸೇಫ್ಟಿ ಆಫೀಸರ್ ಹರ್ಷಿತ್ ಫೋನ್ ಇಟ್ಟ. ದುಕ್ಮ್‌ನ ಕಾರ್ಮಿಕರ ಕ್ಯಾಂಪಿನ ಅಡುಗೆಯವ ಕೊಗ್ಗ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮಸ್ಕತ್ ವಿಮಾನ ನಿಲ್ದಾಣಕ್ಕೆ ಇನ್ನೂ ನಾಲ್ಕು ಗಂಟೆಯ ದಾರಿ. ವಿಮಾನಕ್ಕೆ ಉಳಿದಿರುವುದು ಏಳು. ನಾಳೆ ಬೆಳಿಗ್ಗೆ ಮಲ್ಪೆಯಲ್ಲಿ ಮಗಳು ಭವ್ಯಶ್ರೀಯ ನಿಶ್ಚಿತಾರ್ಥ.

ಹರ್ಷಿತ್ ಕಾರ್ಮಿಕರನ್ನೆಲ್ಲ ಬಸ್ಸಿನ ಹಿಂದೆ ಸಾಲಾಗಿ ನಿಲ್ಲಿಸಿ "ಒನ್, ಟೂ, ತ್ರೀ!" ಎಂದ. ಬಾಂಗ್ಲಾದವರು ಟೂಗೇ ದೂಡಿದರು. ಪಠಾಣರು ತ್ರೀ ಮುಗಿದ ಮೇಲೆ. ಮಲಯಾಳಿಗಳು ಎಲ್ಲಿ ಕೈಯಿಡಬೇಕೆಂದು ಇನ್ನೂ ಚರ್ಚಿಸುತ್ತಿದ್ದರು. ಚಕ್ರ ಮತ್ತೊಂದು ಗೇಣು ಕೆಳಗಿಳಿಯಿತು.

ಕೊಗ್ಗ ಹೊಸ ಅಂಗಿ ಬಿಚ್ಚಿ ಬಸ್ಸಿನ ಕನ್ನಡಿಗೆ ನೇತುಹಾಕಿದ.

"ಕೊಗ್ಗಣ್ಣ, ನೀವು ನೆರಳಲ್ಲಿ ಕೂತ್ಕೊಳ್ಳಿ. ಇದು ಸಾಂಬಾರು ಅಲ್ಲ," ಎಂದ ಹರ್ಷಿತ್.

ಕೊಗ್ಗ ತನ್ನ ರಟ್ಟಿನ ಪೆಟ್ಟಿಗೆಯ ಹಗ್ಗ ಕಡಿದು, ಬೀಗರಿಗೆಂದು ಕೊಂಡಿದ್ದ ಎರಡು ದಪ್ಪ ಕಂಬಳಿ ಹೊರಗೆಳೆದ. ಕೈಯಿಂದ ಮರಳು ಬಗೆದು ಚಕ್ರಕ್ಕೆ ಒಂದರಂತೆ ಅಡಿಗೆ ತುರುಕಿದ.

"ಮೂಸಬ್ಬ, ಸ್ಟೇರಿಂಗ್ ನೇರ ಹಿಡಿ ಮಾರಾಯ. ನಾನು ಕೂಗಿದಾಗ ಮಾತ್ರ ಆಕ್ಸಿಲರೇಟರ್ ಒತ್ತು."

"ನಿನಗೆ ಬಸ್ಸು ಬಿಡಲಿಕ್ಕೆ ಬರ್ತದಾ?"

"ಬಸ್ಸು ಬರುವುದಿಲ್ಲ. ಮರಳು ಬರ್ತದೆ."

ಹದಿನೈದು ವರ್ಷ ಮಲ್ಪೆಯ ದಡದಲ್ಲಿ ದೋಣಿ ನೂಕಿ, ಕೈರಂಪಣಿ ಬಲೆ ಎಳೆದ ಮನುಷ್ಯ. ಅವನು ಎದೆ ತುಂಬ ಉಸಿರೆಳೆದು ಕೂಗಿದ: "ಓ... ಐಸಾ!"

ತಾನೇ "ಐಲೇಸಾ!" ಎಂದು ಓಗೊಟ್ಟು ದೂಡಿದ. ಯಾರಿಗೂ ಅರ್ಥವಾಗಲಿಲ್ಲ. ಆದರೆ ಕಾಲಿಗೆ ಗೊತ್ತಾಯಿತು. ಎರಡನೆಯ ಕೂಗಿಗೆ ಹತ್ತು ಜನ "ಐಲೇಸಾ" ಎಂದರು, ಮೂರನೆಯದಕ್ಕೆ ಎಲ್ಲರೂ. ಅಷ್ಟರಲ್ಲಿ ಒಂಟೆಯ ಯಜಮಾನ ಪಿಕಪ್‌ನಲ್ಲಿ ಬಂದ. ಮುದುಕ. ಒಂಟೆಯ ಸುತ್ತ ಬಂದು ನೋಡಿ, ಗಾಯವಿಲ್ಲವೆಂದು ಖಚಿತವಾದ ಮೇಲೆ, ಬಿಳಿ ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೊಗ್ಗನ ಪಕ್ಕದಲ್ಲಿ ಭುಜ ಕೊಟ್ಟ.

"ನಮ್ಮಪ್ಪನದ್ದೂ ದೋಣಿಯಿತ್ತು," ಎಂದ ಹಿಂದಿಯಲ್ಲಿ. "ಕೂಗು!"

"ಓ... ಐಸಾ!"

"ಐಲೇಸಾ!"

ಬಸ್ಸು ಅಲುಗಾಡಿತು, ಕಂಬಳಿಯ ಮೇಲೆ ಹತ್ತಿತು, ದಡಬಡನೆ ರಸ್ತೆಗೆ ಏರಿತು. ಮರಳುಗಾಡಿನ ನಡುವೆ ಮೂವತ್ತು ಜನ ಕುಣಿದರು. ಸೇಫ್ಟಿ ಹೆಲ್ಮೆಟ್ ಗಾಳಿಗೆ ಎಸೆದವನು ಹರ್ಷಿತ್‌ನೇ. ಒಂಟೆ ಮಾತ್ರ ಬೆದರಿ ಓಡಿತು.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಮಲ್ಪೆಯಿಂದ ಹೆಂಡತಿ ಉಮಾವತಿಯ ಫೋನ್ ಬಂತು.

"ಎಲ್ಲಿಗೆ ಮುಟ್ಟಿದಿರಿ? ಬೀಗರಿಗೆ ಕಂಬಳಿ ತಂದಿದ್ದೀರಲ್ಲ?"

ಕೊಗ್ಗ ಕಾಲ ಬಳಿಯ ಕಂಬಳಿಗಳನ್ನು ನೋಡಿದ. ಎರಡರ ಮೇಲೂ ಟಯರಿನ ಅಚ್ಚು ನೀಟಾಗಿ ಬಿದ್ದಿತ್ತು.

"ತರ್ತಾ ಇದ್ದೇನೆ. ದೋಣಿ ಇಳಿಸುವಾಗ ಸ್ವಲ್ಪ ಕೊಳೆಯಾಯಿತು."

"ಆ ಮರುಭೂಮಿಯಲ್ಲಿ ಎಂಥ ದೋಣಿ, ಮಾರಾಯ್ರೆ?"

ಕೊಗ್ಗ ತಿರುಗಿ ಬಸ್ಸಿನ ತುಂಬ ಕಣ್ಣಾಡಿಸಿದ.

"ಮೂವತ್ತು ಸೀಟಿನದ್ದು."