ಯಾವ ಜೀವಿಗೂ ನೋವಾಗಿಲ್ಲ

ಒತಿಲಿಯಾ ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ತುಟಿಬಣ್ಣದ ಕಂಪನಿಯಿಂದ ತಪಾಸಣೆಗೆ ಬಂದಿದ್ದ ರೆನಾತಾ ಕುರ್ಚಿ ಬಿಟ್ಟು ಎದ್ದಳು. ಕೆಂಪು ಮೆಣಸಿನಕಾಯಿ ಸಾರಿನಲ್ಲಿ ಇಡೀ ಮೊಲವೊಂದು ಬೆಂದು ಮಲಗಿತ್ತು.

"ಅಯ್ಯೋ, ಇದ್ಯಾಕೆ ಮಾಡಿದ್ರಿ?"

"ನಿಮ್ಮ ಕಂಪನಿ ಕಾಗದದ ತಲೆ ಮೇಲೆ ಮೊಲದ ಚಿತ್ರ ಇತ್ತಲ್ಲಮ್ಮ. ನಿಮ್ಮ ಕಡೆಯೋರಿಗೆ ಮೊಲ ಅಂದ್ರೆ ಪ್ರಾಣ ಅಂದ್ಕೊಂಡು ನಮ್ಮೆಜಮಾನ್ರು ನಿನ್ನೆಯೆಲ್ಲ ಗುಡ್ಡ ಸುತ್ತಿ ಹೊಡ್ಕಂಡ್ ಬಂದ್ರು."

ಆ ಚಿತ್ರದ ಅರ್ಥ ಬೇರೆಯೇ ಇತ್ತು. ಮೊಲ, ಇಲಿಗಳ ಮೇಲೆ ಪ್ರಯೋಗ ಮಾಡುವುದಿಲ್ಲ, ಜೇನುಮೇಣ ಮುಟ್ಟುವುದಿಲ್ಲ ಎಂದು ಊರಿಗೆಲ್ಲ ಸಾರಿಕೊಂಡು ಮಾರುವ ಕಂಪನಿ ಅದು. ಜೇನುಮೇಣದ ಬದಲಿಗೆ ಅದಕ್ಕೆ ಬೇಕಿದ್ದದ್ದು ಕೊವಾವಿಲಾ ಸೀಮೆಯ ಈ ಒಣ ಗುಡ್ಡಗಳಲ್ಲಿ ಬೆಳೆಯುವ ಕಂದೆಲಿಯಾ ಗಿಡದ ಮೇಣ. ರೆನಾತಾ ಒಪ್ಪಿ ಬರೆದರೆ ಒತಿಲಿಯಾಳ ಗಂಡ ಫೆರ್ಮಿನ್ ಕುದಿಸಿ ತೆಗೆದ ಮೇಣ ಇನ್ನು ನೇರ ಕಂಪನಿಗೆ. ಒಪ್ಪದಿದ್ದರೆ ಮತ್ತೆ ಅದೇ ದಲ್ಲಾಳಿಯ ಅಂಗಳದಲ್ಲಿ ಟೊಪ್ಪಿ ತೆಗೆದು ನಿಲ್ಲಬೇಕು, ಅವನು ಎಸೆದಷ್ಟಕ್ಕೆ ಕೈಯೊಡ್ಡಬೇಕು. ಅರವತ್ತು ದಾಟಿದವನಿಗೆ ಅದು ಸಾಕುಸಾಕಾಗಿತ್ತು.

ಬೆಳಗಿನಿಂದ ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ರೆನಾತಾ ಕತ್ತೆಗಳ ಬೆನ್ನು ತಡವಿ, ಹುಣ್ಣಿಲ್ಲವೆಂದು ಬರೆದುಕೊಂಡಿದ್ದಳು. ಎಳೆಯ ಗಿಡ ಕೀಳದೆ ಬಿಟ್ಟಿರುವುದನ್ನು ಗುಡ್ಡ ಹತ್ತಿ ನೋಡಿ ಫೋಟೊ ತೆಗೆದಿದ್ದಳು. ಈಗ ನೋಡಿದರೆ ಈ ಮೊಲ. ಕೂರಬೇಕೋ ಹೊರಡಬೇಕೋ ತಿಳಿಯದೆ ಅವಳು ಮೇಜಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೇಜಿಗೆ ಓಡಾಡಿದಳು.

"ಮೇಣಕ್ಕೋಸ್ಕರ ಹೊಡೆದಿದ್ದಲ್ಲ ತಾಯಿ, ತಿನ್ನಕ್ಕೆ," ಎಂದ ಫೆರ್ಮಿನ್. "ಇದು ಬ್ಯಾಡಾಂದ್ರೆ ಬಿಡಿ, ಎರಡು ತೊರ್ತಿಯಾ ರೊಟ್ಟಿನಾದ್ರೂ ತಿನ್ನಿ."

ಗಡಿಬಿಡಿಯಲ್ಲಿ ಅವನೇ ತಟ್ಟೆ ಎತ್ತಿ ಮುಂದೆ ಹಿಡಿದ. ಬೆಳಗಿನಿಂದ ಜೇಬಿನಲ್ಲೇ ಇದ್ದ ಕೈಗಳು ಆಗ ಹೊರಬಂದವು. ಮಣಿಕಟ್ಟಿನವರೆಗೂ ಚರ್ಮ ಸುಟ್ಟು, ಅಲ್ಲಲ್ಲಿ ಬಿಳಿಚಿಕೊಂಡು, ಮೆರುಗು ಹಾಕಿದ ಹಾಗೆ ನುಣ್ಣಗಿತ್ತು. ಎರಡು ಬೆರಳಿಗೆ ಉಗುರೇ ಇರಲಿಲ್ಲ.

"ಇದೇನಾಯ್ತು?" ರೆನಾತಾ ಮೊಲವನ್ನು ಮರೆತಳು.

"ಆಸಿಡ್ಡು. ಕೊಪ್ಪರಿಗೆಗೆ ಅದನ್ನ ಹುಯ್ಯದೇ ಇದ್ರೆ ಗಿಡ ಮೇಣ ಬಿಡಲ್ಲ. ನೊರೆ ತೆಗಿಯೋವಾಗ ಸಿಡಿಯುತ್ತೆ. ಎಲ್ರಿಗೂ ಇರೋದೇ."

ಅವಳು ತನ್ನ ಹಾಳೆಗಳನ್ನು ತಿರುವಿದಳು. ಪ್ರಾಣಿಗಳ ಬಗ್ಗೆ ಹದಿನೇಳು ಪ್ರಶ್ನೆ, ಮಣ್ಣು ನೀರಿನ ಬಗ್ಗೆ ಹನ್ನೊಂದು. ಕೈಗಳ ಬಗ್ಗೆ ಒಂದೂ ಇರಲಿಲ್ಲ. "ಷರಾ ಅಂತ ಜಾಗ ಇದೆ, ಇದನ್ನ ಅಲ್ಲಿ ಬರೀತೀನಿ," ಎಂದು ಪೆನ್ನು ತೆಗೆದಳು.

"ಬರೀಬ್ಯಾಡಿ ತಾಯಿ!" ಫೆರ್ಮಿನ್ ತಟ್ಟೆ ಕೆಳಗಿಟ್ಟ. "ಬರೆದ್ರೆ ಪಕ್ಕದೂರಿನ ಮೇಣ ತಗೋತಾರೆ. ಅವರ ಕೈಯೇನು ಬೇರೆ ಇದ್ದಾವಾ? ನೀವು ಬಂದಾಗ ಅವರೂ ಜೇಬಲ್ಲಿ ಇಟ್ಕೊಂಡಿರ್ತಾರೆ ಅಷ್ಟೆ."

"ಕೊನೇ ಸಾಲು ಏನೈತೆ, ಓದಿ," ಎಂದಳು ಒತಿಲಿಯಾ.

"ಈ ಮೇಣದ ತಯಾರಿಕೆಯಲ್ಲಿ ಯಾವ ಜೀವಿಗೂ ನೋವಾಗಿಲ್ಲ."

"ಸರಿಯಾಗೇ ಐತಲ್ಲ. ಕತ್ತೆಗಳನ್ನ ನೋಡಿದ್ರಲ್ಲ, ದುಂಡುದುಂಡಗವೆ. ಹಾಕಿ ರುಜು."

ರೆನಾತಾಳಿಗೆ ನಾಚಿಕೆಯಾಯಿತು. ಬರೆದರೂ ಇವರಿಗೆ ಅನ್ಯಾಯ, ಬರೆಯದಿದ್ದರೂ ಅನ್ಯಾಯ. ಪೆನ್ನಿನ ಟೊಪ್ಪಿಯನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಹೊರಗೆ ಅವಳನ್ನು ಕರೆತಂದಿದ್ದ ವ್ಯಾನಿನವನು ಹೊತ್ತಾಯಿತೆಂದು ಹಾರ್ನ್ ಬಾರಿಸಿದ. ಕೊನೆಗೆ ಷರಾ ಜಾಗವನ್ನು ಖಾಲಿ ಬಿಟ್ಟು ರುಜು ಹಾಕಿ, ನೇರಳೆ ಶಾಯಿಯ ಪ್ಯಾಡನ್ನು ಫೆರ್ಮಿನನ ಕಡೆ ತಳ್ಳಿದಳು. ಓದುಬರಹ ಬಾರದವರು ಆ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಮೊದಲು ಹಳೆಯ ಲಕೋಟೆಯೊಂದರ ಮೇಲೆ ಒತ್ತಿ ನೋಡಲು ಹೇಳಿದಳು.

ಅವನು ಒತ್ತಿದ. ಬರಿಯ ನೇರಳೆ ಮಚ್ಚೆ ಮೂಡಿತು. ಬಟ್ಟೆಯಲ್ಲಿ ಒರೆಸಿಕೊಂಡು ಮತ್ತೆ ಒತ್ತಿದ, ಮೂರನೆಯ ಸಲವೂ ಒತ್ತಿದ. ಒಂದು ಗೆರೆಯೂ ಬೀಳಲಿಲ್ಲ.

"ಗೆರೆ ಕಾಣ್ಬೇಕು. ಇಲ್ದಿದ್ರೆ ಕಂಪನಿಯೋರು ಹಾಳೆ ವಾಪಸ್ ಕಳಿಸ್ತಾರೆ," ಎಂದಳು ರೆನಾತಾ.

"ನಂದು ಒತ್ತಲಾ?" ಒತಿಲಿಯಾ ಸೆರಗಿಲ್ಲದ ತನ್ನ ಅಂಗಿಗೇ ಕೈಯೊರೆಸಿಕೊಂಡು ಮುಂದೆ ಬಂದಳು. ಮೂವತ್ತು ವರ್ಷ ಅದೇ ಕೊಪ್ಪರಿಗೆಯ ಮುಂದೆ ನಿಂತವಳು. ಅವಳದೂ ಮಚ್ಚೆಯೇ ಆಯಿತು.

ವ್ಯಾನು ಮತ್ತೆ ಕೂಗಿತು. ರೆನಾತಾ ಒಮ್ಮೆ ಬಾಗಿಲ ಕಡೆ ನೋಡಿ, ಪ್ಯಾಡನ್ನು ಹತ್ತಿರ ಎಳೆದುಕೊಂಡು, ತನ್ನ ಹೆಬ್ಬೆಟ್ಟನ್ನೇ ಶಾಯಿಯಲ್ಲಿ ಅದ್ದಿ ಫೆರ್ಮಿನನ ಹೆಸರಿನ ಮುಂದೆ ಒತ್ತಿಬಿಟ್ಟಳು.

ಗೆದ್ದ ಖುಷಿಯಲ್ಲಿ ಅವನು ಕುಣಿಯುತ್ತಾನೆಂದು ಅವಳು ತಿಳಿದಿದ್ದಳು. ಅವನು ಕುಣಿಯಲಿಲ್ಲ. ಹಾಳೆಯ ಮೇಲೆ ಬಗ್ಗಿ, ಸುತ್ತಿಕೊಂಡು ಸುತ್ತಿಕೊಂಡು ಒಳಗೆ ಹೋಗುವ ಆ ಸಣ್ಣ ಸಣ್ಣ ಗೆರೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನಂಗೂ ಹಿಂಗೇ ಇದ್ವೇನೇ?"